ರಾಜ್ಯಶಾಸ್ತ್ರದ ಮಾಸ್ತರರ ಬಯೋಡಾಟಾ: ಧಾರವಾಡದ ಕಡೆಯ ಒಂದು ಹಿನ್ನೆಲೆ

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಅಂದ ಕೂಡಲೇ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯ ಡಿಗ್ರಿ ಕಾಲೇಜುಗಳಲ್ಲಿ ಒಂದು ಗಡಿಬಿಡಿ ಶುರುವಾಗುತ್ತದೆ. ಎಲ್ಲ ಪ್ರಾಧ್ಯಾಪಕರೂ ತಮ್ಮ ಬಯೋಡಾಟಾ ಹೊಸದಾಗಿ ಟೈಪ್ ಮಾಡಿಸಿ ಪ್ರಿನ್ಸಿಪಾಲರ ಆಫೀಸಿಗೆ ಕೊಡಬೇಕು. ರಾಜ್ಯಶಾಸ್ತ್ರ ವಿಭಾಗದ ಬಯೋಡಾಟಾಗಳನ್ನು ಒಟ್ಟಿಗೆ ಇಟ್ಟು ನೋಡಿ, ಒಂದೇ ಅಚ್ಚಿನಿಂದ ತೆಗೆದ ಬೆಲ್ಲದ ಹಾಗೆ ಕಾಣುತ್ತವೆ. ಎಂ.ಎ., ಎಂ.ಫಿಲ್., ನೆಟ್ ಅಥವಾ ಕೆಸೆಟ್ (ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆಗಳು), ಪಿಎಚ್.ಡಿ. ಕೆಳಗೆ ಆಸಕ್ತಿಯ ಕ್ಷೇತ್ರ ಅಂತ ಒಂದು ಸಾಲು: ಪಂಚಾಯತ್ ರಾಜ್, ಭಾರತದ ಸಂವಿಧಾನ, ಅಂಬೇಡ್ಕರ್ ಚಿಂತನೆ, ಮಾನವ ಹಕ್ಕುಗಳು.

ಎಲ್ಲರಿಗೂ ಅದೇ ನಾಲ್ಕು ವಿಷಯಗಳ ಮೇಲೆ ಪ್ರೀತಿ ಹುಟ್ಟಿತಾ? ಹಾಗಲ್ಲ. ಆ ಒಂದೊಂದು ಸಾಲಿನ ಹಿಂದೆಯೂ ಒಂದು ಕಾಲ ಇದೆ, ಬಹಳ ಸಲ ಒಂದು ಸರ್ಕಾರಿ ಆದೇಶವೂ ಇದೆ. ಮಾಸ್ತರರಿಗೆ ನೌಕರಿ ಹತ್ತಿದ ವರ್ಷ ಗೊತ್ತಾದರೆ ಅವರ ಆಸಕ್ತಿ ಏನಿರಬಹುದು ಅಂತ ಅರ್ಧ ಊಹಿಸಬಹುದು. ಆ ಸಾಲುಗಳು ಎಲ್ಲಿಂದ ಬಂದವು ಅಂತ ನೋಡಿದರೆ ಈ ಭಾಗದಲ್ಲಿ ರಾಜಕೀಯವನ್ನು ಪಾಠವಾಗಿ ಕಲಿಸಿದ ಕಥೆಯೇ ಬಿಚ್ಚಿಕೊಳ್ಳುತ್ತದೆ.

ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಗಿದ್ದು 1917ರಲ್ಲಿ. ಅದಕ್ಕೂ ಮೊದಲು ಬಿ.ಎ. ಮಾಡಬೇಕು ಅಂದರೆ ಪುಣೆಗೋ ಮುಂಬೈಗೋ ಹೋಗಬೇಕಿತ್ತು. ಆಲೂರು ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲೇ. ಹಾಗೆ ಹೋದವರು ಅಲ್ಲಿ ತಿಲಕರ ರಾಜಕೀಯವನ್ನು ಹತ್ತಿರದಿಂದ ನೋಡಿ, ಮರಾಠಿಗರಿಗೆ ಇರುವ ಹೆಮ್ಮೆ ನಮಗ್ಯಾಕಿಲ್ಲ ಅಂತ ಕೇಳಿಕೊಳ್ಳುತ್ತಾ ಊರಿಗೆ ಮರಳಿದರು. ರಾಜಕೀಯದ ಪಾಠ ನಡೆದದ್ದು ಕ್ಲಾಸಿನ ಹೊರಗೆ. ಕ್ಲಾಸಿನ ಒಳಗೆ ರಾಜ್ಯಶಾಸ್ತ್ರ ಅನ್ನೋದು ಇತಿಹಾಸ ಮತ್ತು ಅರ್ಥಶಾಸ್ತ್ರದ ಸೆರಗು ಹಿಡಿದು ನಡೆಯುತ್ತಿದ್ದ ವಿಷಯ. ಕರ್ನಾಟಕ ಕಾಲೇಜು ಆಗ ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿತ್ತು, ಮತ್ತು ಆ ವಿಶ್ವವಿದ್ಯಾಲಯದಲ್ಲೇ ಪೌರನೀತಿ ಮತ್ತು ರಾಜಕೀಯಕ್ಕೆ ಬೇರೆ ವಿಭಾಗ ಆಗಿದ್ದು 1948ರಲ್ಲಿ. ಬ್ರಿಟಿಷ್ ಸಂವಿಧಾನದ ಇತಿಹಾಸ ಗಟ್ಟಿ ಮಾಡಿ ಪಾಸಾದರೆ ಆಯಿತು.

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬೈಯಲ್ಲಿ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂತು. 1954ರಿಂದ 1967ರವರೆಗೆ ಡಿ.ಸಿ. ಪಾವಟೆಯವರು ಕುಲಪತಿ. ಅವರು ಗಣಿತದವರು, ಕೇಂಬ್ರಿಜ್‌ನಲ್ಲಿ ಓದಿದವರು. ಕುಲಪತಿ ಹುದ್ದೆ ಮುಗಿಸಿ ಪಂಜಾಬಿನ ರಾಜ್ಯಪಾಲರಾದರು. ರಾಜ್ಯಪಾಲರ ಅಧಿಕಾರದ ಬಗ್ಗೆ ಪಾಠ ಮಾಡುವವರಿಗೆ ನಮ್ಮದೇ ಕ್ಯಾಂಪಸ್ಸಿನ ಉದಾಹರಣೆ ಸಿಕ್ಕಂತಾಯಿತು ಅನ್ನಿ. ವಿಶ್ವವಿದ್ಯಾಲಯ ಶುರುವಾದ ಹೊತ್ತು ಎಂಥದ್ದು ಅಂತ ನೋಡಿ. 1953ರಲ್ಲಿ ಅದರಗುಂಚಿ ಶಂಕರಗೌಡರು ಏಕೀಕರಣಕ್ಕಾಗಿ ಉಪವಾಸ ಕೂತರು, ಹುಬ್ಬಳ್ಳಿಯಲ್ಲಿ ಗಲಾಟೆ ಆಯಿತು. 1956ರ ನವೆಂಬರ್ 1ಕ್ಕೆ ಮುಂಬೈ ರಾಜ್ಯದ ಧಾರವಾಡ ಹೊಸ ಮೈಸೂರು ರಾಜ್ಯಕ್ಕೆ ಬಂತು. ಒಂದು ರಾಜ್ಯ ಹೇಗೆ ತಯಾರಾಗುತ್ತದೆ ಅನ್ನೋದನ್ನು ಕಿಟಕಿಯಿಂದಲೇ ನೋಡಬಹುದಾಗಿದ್ದ ಕಾಲ ಅದು.

ಅದಕ್ಕೇ ಮೊದಲ ತಲೆಮಾರಿನ ಪ್ರಾಧ್ಯಾಪಕರ ಕೆಲಸದಲ್ಲಿ ಈ ನೆಲದ ವಾಸನೆ ಜಾಸ್ತಿ. ಇಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜಿ.ಎಸ್. ಹಾಲಪ್ಪನವರು ಕರ್ನಾಟಕದ ಸ್ವಾತಂತ್ರ್ಯ ಹೋರಾಟದ ಇತಿಹಾಸದ ಸಂಪುಟ ಬರೆದರು. ಅದು 1964ರಲ್ಲಿ ಸರ್ಕಾರದಿಂದಲೇ ಪ್ರಕಟವಾಯಿತು. ಇವತ್ತಾದರೆ ಇತಿಹಾಸ ವಿಭಾಗದವರು ನಿಮ್ಮ ವಿಷಯ ಅಲ್ಲ ಬಿಡ್ರಿ ಅಂದುಬಿಡುತ್ತಿದ್ದರು. ಆಗ ಆ ಬೇಲಿ ಅಷ್ಟು ಗಟ್ಟಿಯಾಗಿರಲಿಲ್ಲ.

ಅಂಬೇಡ್ಕರ್ ಚಿಂತನೆ ಅನ್ನೋ ಸಾಲಿನ ಕಥೆ ಇನ್ನೂ ಸ್ವಾರಸ್ಯದ್ದು. 1991ರ ಶತಮಾನೋತ್ಸವದ ನಂತರ ದೇಶದ ಬಹುತೇಕ ಕಡೆ ಅಂಬೇಡ್ಕರ್ ಪಠ್ಯಕ್ಕೆ ಬಂದರು, ಪೀಠಗಳಾದವು, ಸೆಮಿನಾರುಗಳಾದವು. ಆದರೆ ಧಾರವಾಡದ ಎ.ಎಂ. ರಾಜಶೇಖರಯ್ಯನವರು ಅಂಬೇಡ್ಕರರ ರಾಜಕೀಯದ ಮೇಲೆ ಇಡೀ ಪುಸ್ತಕ ಬರೆದದ್ದು 1971ರಲ್ಲಿ, ಅಂದರೆ ಬಾಬಾಸಾಹೇಬರು ತೀರಿಕೊಂಡ ಹದಿನೈದೇ ವರ್ಷಕ್ಕೆ. ಆಗ ಯಾವ ಸುತ್ತೋಲೆಯೂ ಅಂಬೇಡ್ಕರ್ ಮೇಲೆ ಕೆಲಸ ಮಾಡಿ ಅಂತ ಹೇಳಿರಲಿಲ್ಲ. ಅವರ ನಂತರ ಇಲ್ಲೇ ಪಾಠ ಮಾಡಿದ, ಆಮೇಲೆ ಮಂಗಳೂರಿಗೂ ಹೋದ ಕೆ. ರಾಘವೇಂದ್ರರಾವ್ ಅವರೂ ಸಾಹಿತ್ಯ ಅಕಾಡೆಮಿಗಾಗಿ ಅಂಬೇಡ್ಕರ್ ಬಗ್ಗೆ ಬರೆದರು. ರಾಘವೇಂದ್ರರಾಯರದ್ದು ಎರಡು ದೋಣಿಯ ಪಯಣ. ಒಂದು ಕಡೆ ರಾಜಕೀಯ ಸಿದ್ಧಾಂತ, ಇನ್ನೊಂದು ಕಡೆ ಕನ್ನಡ ಸಾಹಿತ್ಯ ವಿಮರ್ಶೆ. ಹಾಬ್ಸ್, ರೂಸೋ ಪಾಠ ಮಾಡುವವರು ಸಂಜೆ ನವ್ಯ ಕಾವ್ಯದ ಬಗ್ಗೆ ಜಗಳ ಆಡೋದು ಧಾರವಾಡದಲ್ಲಿ ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ. ಇವರಿಬ್ಬರ ಬಯೋಡಾಟಾವನ್ನು ಇವತ್ತಿನ ಬಡ್ತಿಯ ಅಂಕದ ಪಟ್ಟಿಗೆ ಹಾಕಿದರೆ ಎಷ್ಟು ಬರುತ್ತದೋ ನನಗೆ ಅನುಮಾನ.

ಆ ಕಾಲದಲ್ಲಿ ನೌಕರಿ ಹತ್ತುವ ದಾರಿ ಸರಳವಾಗಿತ್ತು. ಎಂ.ಎ.ಯಲ್ಲಿ ಒಳ್ಳೆ ಅಂಕ, ಆಡಳಿತ ಮಂಡಳಿಯ ಮುಂದೆ ಒಂದು ಸಂದರ್ಶನ. ಜಾತಿ, ಮಠ, ಶಿಫಾರಸು ಎಲ್ಲ ಇದ್ದವು, ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಈ ಭಾಗದ ಕಾಲೇಜುಗಳಲ್ಲಿ ಬಹಳಷ್ಟು ಅನುದಾನಿತ ಸಂಸ್ಥೆಗಳು. ಕಟ್ಟಡ ಸಂಸ್ಥೆಯದ್ದು, ಸಂಬಳ ಸರ್ಕಾರದ್ದು. ಒಮ್ಮೆ ಒಳಗೆ ಬಂದವರು ಲೆಕ್ಚರರ್ ಆಗಿ ಶುರು ಮಾಡಿ, ನಿವೃತ್ತಿಯವರೆಗೆ ಅದೇ ಸ್ಟಾಫ್ ರೂಮಿನ ಅದೇ ಕುರ್ಚಿಯಲ್ಲಿ ಕೂತು ಹೋದವರೂ ಇದ್ದಾರೆ. ಪಿಎಚ್.ಡಿ. ಮಾಡಿದರೆ ಗೌರವ, ಮಾಡದಿದ್ದರೆ ನಷ್ಟವೇನಿಲ್ಲ. ಇದರಿಂದ ಸೋಮಾರಿಗಳೂ ಬೆಳೆದರು, ಹತ್ತು ವರ್ಷ ಒಂದೇ ವಿಷಯದ ಹಿಂದೆ ಬಿದ್ದು ಓದುವವರೂ ಬೆಳೆದರು.

ಪಂಚಾಯತ್ ರಾಜ್ ಅನ್ನೋ ಆಸಕ್ತಿ ಎಲ್ಲಿಂದ ಬಂತು? ಅದಕ್ಕೆ 1980ರ ಹತ್ತಿರ ಹೋಗಬೇಕು. ಆ ವರ್ಷ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಮಲಪ್ರಭಾ ನೀರಾವರಿ ಕರದ ವಿರುದ್ಧ ಬಂಡೆದ್ದರು. ಗೋಲಿಬಾರ್ ಆಯಿತು, ರೈತರ ಜೀವ ಹೋಯಿತು. ಅಲ್ಲಿಂದ ಎದ್ದ ಸಿಟ್ಟು ರೈತ ಸಂಘವನ್ನು ಕಟ್ಟಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರ್ಕಾರ ಬಿದ್ದದ್ದಕ್ಕೆ ಅದೂ ಒಂದು ದೊಡ್ಡ ಕಾರಣ. ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು, ನಜೀರ್ ಸಾಬ್ ಪಂಚಾಯತ್ ಮಂತ್ರಿಯಾದರು. 1983ರ ಕಾಯ್ದೆ ಬಂತು, 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ. 25 ಮೀಸಲಾತಿ. ಕೇಂದ್ರ 73ನೇ ತಿದ್ದುಪಡಿ ತಂದು ಅದನ್ನು ಮೂರನೇ ಒಂದು ಭಾಗ ಮಾಡಿದ್ದು ಆಮೇಲೆ. 2010ರಲ್ಲಿ ನಮ್ಮಲ್ಲಿ ಅದು ಶೇ. 50 ಆಯಿತು.

ನಮ್ಮ ಮಾಸ್ತರರಿಗೆ ಇದು ಸುಗ್ಗಿ. ದೆಹಲಿಗೆ ಹೋಗದೆ, ಇಂಗ್ಲಿಷ್ ಪುಸ್ತಕಗಳಿಗೆ ತಡಕಾಡದೆ, ಬಸ್ ಹತ್ತಿ ಕುಂದಗೋಳಕ್ಕೋ ರೋಣಕ್ಕೋ ಹೋದರೆ ಸಂಶೋಧನೆಗೆ ಬೇಕಾದದ್ದೆಲ್ಲ ಅಲ್ಲೇ ಇತ್ತು. ಮೊದಲು ಬಂದ ಕೆಲಸಗಳು ನಿಜಕ್ಕೂ ಚೆನ್ನಾಗಿದ್ದವು. ಆಮೇಲೆ ಅದು ರೂಢಿ ಆಯಿತು. ಗ್ರಾಮ ಪಂಚಾಯತಿಯಲ್ಲಿ ಮಹಿಳೆಯರ ಭಾಗವಹಿಸುವಿಕೆ: ಇಂಥ ತಾಲೂಕಿನ ಒಂದು ಅಧ್ಯಯನ, ಅಂತ ತಾಲೂಕಿನ ಹೆಸರು ಬದಲಿಸಿ ಬದಲಿಸಿ ಪ್ರಬಂಧಗಳು ಬಂದವು. ಐದನೇ ಅಧ್ಯಾಯದಲ್ಲಿ ಕೋಷ್ಟಕಗಳು, ಕೊನೆಯಲ್ಲಿ ಸಲಹೆಗಳು. ಸಲಹೆಗಳಲ್ಲಿ ತರಬೇತಿ ಹೆಚ್ಚಿಸಬೇಕು ಅಂತ ಒಂದು ಸಾಲು ಇದ್ದೇ ಇರುತ್ತದೆ. ಇಷ್ಟಾದರೂ ವಿಷಯ ಬತ್ತಿಲ್ಲ. ದೇಶದ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘ 1905ರಲ್ಲಿ ಶುರುವಾದ ಕಣಗಿನಹಾಳ ಗದಗದಿಂದ ಬಹಳ ದೂರವೇನಿಲ್ಲ. ಸೊಸೈಟಿ ಚುನಾವಣೆಯಲ್ಲಿ ಗೆದ್ದವರು ಮುಂದೆ ಹೇಗೆ ಎಂಎಲ್ಎ ಆಗುತ್ತಾರೆ ಅನ್ನೋದನ್ನು ಕಣ್ಣೆದುರೇ ನೋಡಬಹುದು. ಮಹಾದಾಯಿ ನದಿ ನೀರಿನ ಜಗಳ ಇದೆ. 2018ರಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ ಕಳಸಾ ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಇರೋದು 3.9 ಟಿಎಂಸಿ. ಆ ನೀರು ಇನ್ನೂ ಬಂದಿಲ್ಲ. ಒಕ್ಕೂಟ ವ್ಯವಸ್ಥೆಯ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ?

ಸಂವಿಧಾನದ ಸಾಲಿಗೆ ಬಂದರೆ ಧಾರವಾಡದ ಕಡೆಯ ಮಾಸ್ತರರು ಸ್ವಲ್ಪ ಎದೆ ಉಬ್ಬಿಸಿಯೇ ಪಾಠ ಮಾಡುತ್ತಾರೆ. ಕಾರಣ ಎಸ್.ಆರ್. ಬೊಮ್ಮಾಯಿ. ಹುಟ್ಟಿದ್ದು ಈಗಿನ ಹಾವೇರಿ ಜಿಲ್ಲೆಯ ಕಾರಡಗಿಯಲ್ಲಿ, ಗೆದ್ದದ್ದು ಹುಬ್ಬಳ್ಳಿ ಗ್ರಾಮೀಣದಿಂದ, ವೃತ್ತಿಯಲ್ಲಿ ವಕೀಲರು. 1988ರ ಆಗಸ್ಟ್‌ನಲ್ಲಿ ಹೆಗಡೆಯವರ ನಂತರ ಮುಖ್ಯಮಂತ್ರಿಯಾದರು. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ವಾಪಸ್ ಪಡೆದರು ಅನ್ನೋ ಪತ್ರಗಳು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಕೈಗೆ ಬಂದವು. ಮರುದಿನವೇ ಅವರಲ್ಲಿ ಏಳು ಜನ ನಾವು ಬೊಮ್ಮಾಯಿ ಜೊತೆಗೇ ಇದ್ದೇವೆ ಅಂದರು. ಸದನದಲ್ಲೇ ಬಹುಮತ ತೋರಿಸುತ್ತೇನೆ, ಬೇಕಾದರೆ ಅಧಿವೇಶನ ಬೇಗ ಕರೀತೇನೆ ಅಂತ ಬೊಮ್ಮಾಯಿ ಹೇಳಿದರು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಹೈಕೋರ್ಟಿನಲ್ಲಿ ಅರ್ಜಿ ಬಿದ್ದುಹೋಯಿತು. ಬೊಮ್ಮಾಯಿ ಸುಪ್ರೀಂ ಕೋರ್ಟಿಗೆ ಹೋದರು.

1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಅನ್ನೋದನ್ನು ಎಣಿಸುವ ಜಾಗ ರಾಜಭವನ ಅಲ್ಲ, ವಿಧಾನಸಭೆ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪದ ಭಾಗ. ಕರ್ನಾಟಕದ ವಿಷಯದಲ್ಲಿ ಘೋಷಣೆ ತಪ್ಪು ಅಂತಲೇ ಕೋರ್ಟು ಹೇಳಿತು. ಆದರೆ ಅಷ್ಟರಲ್ಲಿ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದು ವರ್ಷಗಳಾಗಿದ್ದವು. ಬೊಮ್ಮಾಯಿಯವರಿಗೆ ಕುರ್ಚಿ ಸಿಗಲಿಲ್ಲ, ಅವರ ಹೆಸರು ಮಾತ್ರ ದೇಶದ ಎಲ್ಲ ರಾಜ್ಯಶಾಸ್ತ್ರ ಪಠ್ಯಗಳಿಗೆ ಹೋಯಿತು. ಈ ಪ್ರಕರಣವನ್ನು ಸರಿಯಾಗಿ ಕಲಿಸಲು ಎರಡು ತಾಸು ಬೇಕು. ಪಕ್ಷಾಂತರ ಹೇಳಬೇಕು, ಜನತಾದಳದ ಒಳಜಗಳ ಹೇಳಬೇಕು, ರಾಷ್ಟ್ರಪತಿ ಆಳ್ವಿಕೆಗೆ ದಾರಿ ಮಾಡುವ 356ನೇ ವಿಧಿ ಅಷ್ಟು ವರ್ಷ ಹೇಗೆ ಬಳಕೆಯಾಗಿತ್ತು ಹೇಳಬೇಕು. ಎರಡು ತಾಸು ಕೊಡುವ ಮಾಸ್ತರರು ಇದ್ದಾರೆ. ಕೊಡಲಾಗದ ಪರಿಸ್ಥಿತಿಯಲ್ಲಿ ಇರುವವರು ಹೆಚ್ಚಾಗುತ್ತಿದ್ದಾರೆ. ಅದು ಯಾಕೆ ಅಂತ ಗೊತ್ತಾಗಬೇಕಾದರೆ ಬಯೋಡಾಟಾದ ಮೇಲಿನ ಸಾಲುಗಳನ್ನು, ಅಂದರೆ ಅರ್ಹತೆಯ ಸಾಲುಗಳನ್ನು ನೋಡಬೇಕು.

1989ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ನೆಟ್ ಪರೀಕ್ಷೆ ತಂದಿತು. ಉದ್ದೇಶ ಒಳ್ಳೆಯದೇ. ಶಿಫಾರಸಿನ ಮೇಲೆ ಬರುವವರಿಗೆ ಒಂದು ಜರಡಿ ಬೇಕಿತ್ತು. ಆದರೆ ರಾಜ್ಯಶಾಸ್ತ್ರದ ನೆಟ್ ಪ್ರಶ್ನೆಪತ್ರಿಕೆ ಇರೋದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಬಿ.ಎ., ಎಂ.ಎ. ಕನ್ನಡದಲ್ಲೇ ಓದಿ ಬಂದ ಸವಣೂರಿನ ಹುಡುಗಿ ಪ್ಲೇಟೋನ ನ್ಯಾಯ ಸಿದ್ಧಾಂತವನ್ನು ಕನ್ನಡದಲ್ಲಿ ಎಷ್ಟೇ ಚಂದ ವಿವರಿಸಿದರೂ ಅಲ್ಲಿ ಲೆಕ್ಕಕ್ಕಿಲ್ಲ. ಹಿಂದಿ ಊರಿನ ಹುಡುಗನಿಗೆ ತನ್ನ ಭಾಷೆಯಲ್ಲಿ ಬರೆಯುವ ಅವಕಾಶ ಇದೆ, ಇವಳಿಗಿಲ್ಲ. ರಾಜ್ಯದ್ದೇ ಪರೀಕ್ಷೆಯಾದ ಕೆಸೆಟ್ ಬಂದ ಮೇಲೆ ಕನ್ನಡದಲ್ಲೂ ಪ್ರಶ್ನೆ ಸಿಗುತ್ತದೆ, ಅದಕ್ಕೇ ನಮ್ಮ ಕಡೆ ಕೆಸೆಟ್ ಆದವರು ಜಾಸ್ತಿ ಕಾಣುತ್ತಾರೆ. ಮೊದಲು ಅದನ್ನು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಇನ್ನು ಎಂ.ಫಿಲ್. ಅನ್ನೋ ಸಾಲು. 2022ರ ನಿಯಮದಲ್ಲಿ ಯುಜಿಸಿ ಆ ಪದವಿಯನ್ನೇ ನಿಲ್ಲಿಸಿತು. ಪಿಎಚ್.ಡಿ.ಯ ಕಥೆ ಇನ್ನೂ ಚೆನ್ನಾಗಿದೆ. ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಪಿಎಚ್.ಡಿ. ಕಡ್ಡಾಯ ಅಂತ 2018ರಲ್ಲಿ ಹೇಳಿದರು, 2021ಕ್ಕೆ ಜಾರಿ ಅಂದರು, ಮುಂದೂಡಿದರು, ಕೊನೆಗೆ 2023ರ ಜುಲೈನಲ್ಲಿ ಕಡ್ಡಾಯ ಅಲ್ಲ ಅಂದರು. ಅಷ್ಟರಲ್ಲಿ ಎಷ್ಟೋ ಜನ ಅವಸರದಲ್ಲಿ ರಿಜಿಸ್ಟರ್ ಮಾಡಿಸಿಯಾಗಿತ್ತು.

2010ರ ನಿಯಮ ತಂದದ್ದು ಅಂಕದ ಲೆಕ್ಕ. ಲೆಕ್ಚರರ್, ರೀಡರ್ ಅನ್ನೋ ಹೆಸರು ಹೋಗಿ ಸಹಾಯಕ, ಸಹ ಪ್ರಾಧ್ಯಾಪಕ ಬಂದವು. ಬಡ್ತಿ ಬೇಕಾದರೆ ಎಪಿಐ ಅಂತ ಮಾಡಿದ ಕೆಲಸಕ್ಕೆಲ್ಲ ಅಂಕ ತೋರಿಸಬೇಕಾಯಿತು. ಪೇಪರಿಗೆ ಇಷ್ಟು, ಸೆಮಿನಾರಿಗೆ ಇಷ್ಟು. ಐಎಸ್‌ಎಸ್‌ಎನ್ ನಂಬರ್ ಇರುವ ಪತ್ರಿಕೆಗಳು ಅಣಬೆಯ ಹಾಗೆ ಎದ್ದವು, ದುಡ್ಡು ಕೊಟ್ಟರೆ ವಾರದೊಳಗೆ ಲೇಖನ ಪ್ರಕಟ. ಎರಡು ದಿನದ ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಮಧ್ಯಾಹ್ನದ ಊಟದ ನಂತರ ಐದೈದು ನಿಮಿಷಕ್ಕೆ ಒಬ್ಬೊಬ್ಬರು ಪ್ರಬಂಧ ಓದಿ ಸರ್ಟಿಫಿಕೇಟ್ ತಗೊಂಡು ಬಸ್ ಹಿಡಿಯೋರು. ಕಳಪೆ ಪತ್ರಿಕೆ ತಡೆಯಲು ಯುಜಿಸಿ ತಾನು ಒಪ್ಪಿದ ಪತ್ರಿಕೆಗಳ ಕೇರ್ ಪಟ್ಟಿ ತಂದಿತು. 2025ರಲ್ಲಿ ಅದನ್ನೂ ಕೈಬಿಟ್ಟಿತು. ಪಂಚಾಯತ್ ರಾಜ್, ಮಾನವ ಹಕ್ಕು, ಮಹಿಳಾ ಸಬಲೀಕರಣ ಅನ್ನೋ ಆಸಕ್ತಿಗಳು ಎಲ್ಲರ ಬಯೋಡಾಟಾದಲ್ಲಿ ಒಂದೇ ಸಮನೆ ಕಾಣುವುದಕ್ಕೆ ಈ ಸೆಮಿನಾರುಗಳ ವಿಷಯಪಟ್ಟಿಯೇ ಅರ್ಧ ಕಾರಣ ಅಂತ ನನ್ನ ಅನಿಸಿಕೆ.

ಆದರೆ ಇಷ್ಟೆಲ್ಲ ತಲೆನೋವು ಕಾಯಂ ಹುದ್ದೆ ಇದ್ದವರದ್ದು. ಈಗ ಕ್ಲಾಸಿನಲ್ಲಿ ಜಾಸ್ತಿ ಕಾಣೋದು ಅತಿಥಿ ಉಪನ್ಯಾಸಕರು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಇವರ ಸಂಖ್ಯೆ ಹತ್ತು ಸಾವಿರ ದಾಟುತ್ತದೆ. 2021ರ ಡಿಸೆಂಬರ್‌ನಲ್ಲಿ ಮುಷ್ಕರ ನಡೆಯಿತು. ಮರು ತಿಂಗಳು ಸರ್ಕಾರ ಗೌರವಧನ ಏರಿಸಿತು. ಗರಿಷ್ಠ 13,000 ರೂಪಾಯಿ ಇದ್ದದ್ದು ಗರಿಷ್ಠ 32,000 ಆಯಿತು. ಅದರ ಜೊತೆಗೇ ವಾರದ ಪಾಠದ ಅವಧಿಯನ್ನು 15 ತಾಸಿಗೆ ಏರಿಸಿದರು. ಮೊದಲು ಇಬ್ಬರು ಹಂಚಿಕೊಳ್ಳುತ್ತಿದ್ದ ಪಾಠ ಒಬ್ಬರಿಗೇ ಆಯಿತು, ಇನ್ನೊಬ್ಬರು ಮನೆಗೆ ಹೋದರು. 2023ರಲ್ಲಿ ಕಾಯಂ ಮಾಡಿ ಅಂತ ಮತ್ತೆ ಧರಣಿ ಕೂತರು. ಅದೇ ಕಾರಿಡಾರಿನಲ್ಲಿ ಹೊಸದಾಗಿ ಬರುವ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಯುಜಿಸಿ ಪ್ರಕಾರ ಮೂಲ ವೇತನವೇ 57,700 ರೂಪಾಯಿ, ಪಾಠ ವಾರಕ್ಕೆ 16 ತಾಸು. ಕೆಲಸದಲ್ಲಿ ಒಂದು ತಾಸಿನ ವ್ಯತ್ಯಾಸ.

ಇದರ ಮೇಲೆ ಪಠ್ಯವೂ ಕುಣಿಯಿತು. 2021ರಲ್ಲಿ ದೇಶದಲ್ಲೇ ಮೊದಲು ಅಂತ ಕರ್ನಾಟಕ ಹೊಸ ಶಿಕ್ಷಣ ನೀತಿ ಜಾರಿ ಮಾಡಿತು, ನಾಲ್ಕು ವರ್ಷದ ಡಿಗ್ರಿ ಅಂದಿತು. 2024ರ ಮೇ ತಿಂಗಳಲ್ಲಿ ಬೇರೆ ಸರ್ಕಾರ ಅದನ್ನು ತೆಗೆದು ಮೂರು ವರ್ಷಕ್ಕೆ ಮರಳಿಸಿತು. ಆ ಮೂರು ವರ್ಷದ ಅಂತರದಲ್ಲಿ ಒಂದೇ ಕಾಲೇಜಿನಲ್ಲಿ ಹಳೆ ಪಠ್ಯ, ಹೊಸ ಪಠ್ಯ, ಮತ್ತೆ ಹಳೆಯ ಹಾಗಿರುವ ಹೊಸ ಪಠ್ಯ ನಡೆದವು. ಮಾಸ್ತರರು ನೋಟ್ಸ್ ಬರೆದು ಮುಗಿಸುವ ಮೊದಲೇ ಪೇಪರಿನ ಹೆಸರು ಬದಲಾಗಿರುತ್ತಿತ್ತು. ಯುಯುಸಿಎಂಎಸ್‌ನಲ್ಲಿ (ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆ) ಅಂಕ ತುಂಬಿಸುವ ಕೆಲಸ ಬೇರೆ.

ಇಷ್ಟಾದರೂ ರಾಜ್ಯಶಾಸ್ತ್ರಕ್ಕೆ ವಿದ್ಯಾರ್ಥಿಗಳ ಬರ ಇಲ್ಲ, ಇದೇ ವಿಚಿತ್ರ. ಬಿ.ಎ.ಗೆ ಬರುವ ಹುಡುಗರಿಗೆ ಇವತ್ತಿಗೂ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಅಂದರೆ ಭದ್ರ. ಯಾಕೆಂದರೆ ಮುಂದೆ ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ ಬರೆಯಬೇಕು. ಸಂಜೆ ಧಾರವಾಡದ ಸಪ್ತಾಪುರದ ಕಡೆ ಹೋಗಿ ನೋಡಿ. ಕೋಚಿಂಗ್ ಸೆಂಟರು, ಓದುವ ಕೋಣೆ, ಪಿಜಿ, ಖಾನಾವಳಿ. ರಾಯಚೂರು, ಕಲಬುರಗಿ ಕಡೆಯಿಂದ ಬಂದ ಹುಡುಗರು ವರ್ಷಗಟ್ಟಲೆ ಇಲ್ಲೇ ಉಳಿಯುತ್ತಾರೆ. ಈ ಊರಿನಲ್ಲಿ ಅತಿ ಹೆಚ್ಚು ಜನ ರಾಜ್ಯಶಾಸ್ತ್ರ ಕೇಳೋದು ಕಾಲೇಜಿನಲ್ಲಲ್ಲ, ಇಲ್ಲಿ ಅಂದರೂ ತಪ್ಪಾಗಲಿಕ್ಕಿಲ್ಲ. ಇಲ್ಲಿ ಬೊಮ್ಮಾಯಿ ಪ್ರಕರಣಕ್ಕೆ ಒಂದೂವರೆ ನಿಮಿಷ: ವರ್ಷ 1994, ಪೀಠ ಒಂಬತ್ತು, ವಿಧಿ 356, ಮುಂದಿನದು. ಅದನ್ನು ಬೈಯುವಂತಿಲ್ಲ, ಪರೀಕ್ಷೆ ಕೇಳೋದೇ ಅಷ್ಟು. ಇನ್ನೊಂದು ಮಾತು. ಬೆಳಗ್ಗೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿರುವವರೇ ಸಂಜೆ ಇಲ್ಲಿ ಸಂವಿಧಾನ ಹೇಳಿಕೊಡುವುದೂ ಉಂಟು. ಎರಡೂ ಕಡೆಯ ದುಡ್ಡು ಕೂಡಿದರೆ ಮನೆ ನಡೆಯುತ್ತದೆ. ಬೆಳಗ್ಗೆ ಎರಡು ತಾಸಿನ ಪಾಠ ಮಾಡುವ ಮನಸ್ಸಿದ್ದರೂ ಸಂಜೆಯ ಧಾಟಿ ನಾಲಿಗೆಗೆ ಹತ್ತಿಬಿಡುತ್ತದೆ ಅಲ್ವಾ.

ಹೊಸ ಸಂಸ್ಥೆಗಳು ಬಂದಿಲ್ಲ ಅಂತಲ್ಲ. ಗದಗದ ನಾಗಾವಿಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ, 2016ರ ಕಾಯ್ದೆಯಿಂದ ಆದದ್ದು. ಪಂಚಾಯತ್ ಕೆಲಸಕ್ಕೇ ಜನರನ್ನು ತಯಾರು ಮಾಡುವ ಇಡೀ ವಿಶ್ವವಿದ್ಯಾಲಯ ಅದು. ಹಾವೇರಿಯ ಕೆರಿಮತ್ತಿಹಳ್ಳಿಯಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದ ಜಾಗದಲ್ಲಿ ಹಾವೇರಿ ವಿಶ್ವವಿದ್ಯಾಲಯ ಆಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, 2025ರಲ್ಲಿ, ದುಡ್ಡಿಲ್ಲ ಅಂತ ಹೊಸ ವಿಶ್ವವಿದ್ಯಾಲಯಗಳನ್ನು ಹಳೆಯವುಗಳ ಜೊತೆ ವಿಲೀನ ಮಾಡುವ ಮಾತು ಸರ್ಕಾರದಲ್ಲಿ ಶುರುವಾಯಿತು. ಬೋರ್ಡು ಬರೆಸುವುದು ಸುಲಭ, ಹುದ್ದೆ ತುಂಬುವುದು ಕಷ್ಟ.

ಹುದ್ದೆ ತುಂಬದೆ ಇರುವುದರ ಪೆಟ್ಟು ಪಾಠಕ್ಕಿಂತ ಸಂಶೋಧನೆಗೆ ಜೋರಾಗಿ ಬೀಳುತ್ತದೆ. ಪಿಎಚ್.ಡಿ. ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಲು ಯುಜಿಸಿ ನಿಯಮದಲ್ಲಿ ಅವಕಾಶ ಇರೋದು ಕಾಯಂ ಅಧ್ಯಾಪಕರಿಗೆ. ಪ್ರಾಧ್ಯಾಪಕರಿಗೆ ಒಮ್ಮೆಗೆ ಎಂಟು ಜನ, ಸಹ ಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು. ಅತಿಥಿ ಉಪನ್ಯಾಸಕರು ಸ್ವತಃ ಪಿಎಚ್.ಡಿ. ಮಾಡಿದ್ದರೂ, ಹದಿನೈದು ವರ್ಷ ಪಾಠ ಮಾಡಿದ್ದರೂ ಒಬ್ಬರನ್ನೂ ತೆಗೆದುಕೊಳ್ಳುವಂತಿಲ್ಲ. ಹೀಗಾಗಿ ಒಬ್ಬ ಹಿರಿಯ ಪ್ರಾಧ್ಯಾಪಕರು ನಿವೃತ್ತರಾಗಿ ಆ ಕುರ್ಚಿ ಖಾಲಿ ಉಳಿದರೆ ಹೋಗೋದು ಒಂದು ಸಂಬಳದ ಲೆಕ್ಕ ಮಾತ್ರ ಅಲ್ಲ, ಸಂಶೋಧನೆಯ ಎಂಟು ಜಾಗಗಳೂ ಅವರ ಜೊತೆಗೇ ಹೋಗುತ್ತವೆ. ಮಲಪ್ರಭಾ ಕರದ ಲೆಕ್ಕ, ಸೊಸೈಟಿ ಚುನಾವಣೆಯ ಒಳಸುಳಿ, ಮಹಾದಾಯಿ ಧರಣಿಯ ರಾಜಕೀಯ ಇವನ್ನೆಲ್ಲ ಕನ್ನಡದಲ್ಲಿ ಕೂತು ಬರೆಯಬೇಕು ಅಂತ ನವಲಗುಂದದ ಹುಡುಗನೊಬ್ಬ ಬಂದರೆ, ಅವನು ಮೊದಲು ಮಾಡಬೇಕಾದ ಕೆಲಸ ಜಾಗ ಖಾಲಿ ಇರುವ ಗೈಡ್ ಹುಡುಕೋದು. ಸಿಕ್ಕರೆ, ಆ ಗೈಡ್ ಯಾವ ವಿಷಯ ಒಪ್ಪುತ್ತಾರೋ ಅದೇ ಅವನ ಆಸಕ್ತಿಯ ಕ್ಷೇತ್ರ ಆಗುತ್ತದೆ.